ಕಿವಿಯ ಕಚೇರಿ

ನಮ್ಮ ನಂಜನಗೂಡು ಬಾಯಿಗೆ ಒದಗಿದ ಊರು. ಹಲ್ಲಿಗೆ ಪುಡಿ ಕೊಟ್ಟಿತು. ನಾಲಗೆಗೆ ರಸಬಾಳೆ ಕೊಟ್ಟಿತು. ಗಂಟಲಿನ ವಿಚಾರವನ್ನಂತೂ ಹೇಳುವುದೇ ಬೇಡ, ಹಾಲಾಹಲವನ್ನು ಗಂಟಲಲ್ಲೇ ತಡೆದು ನಿಲ್ಲಿಸಿದ ಶ್ರೀಕಂಠೇಶ್ವರನೇ ಇಲ್ಲಿ ಬಂದು ನೆಲಸಿದ್ದಾನೆ. ೧೯೧೩ರಲ್ಲಿ ಬಿ. ವಿ. ಪಂಡಿತರು ಸದ್ವೈದ್ಯಶಾಲೆಯನ್ನು ತೆರೆದ ಮೇಲೆ ಕನ್ನಡನಾಡಿನ ಎಷ್ಟೋ ಮನೆಗಳಲ್ಲಿ ಬೆಳಗಾದರೆ ಮೊದಲು ಬಾಯಿಗೆ ಬರುತ್ತಿದ್ದುದು ನಮ್ಮೂರು. ದೇವರ ಹೆಸರು ಬಾಯಿ ಮುಕ್ಕಳಿಸಿದ ಮೇಲೆ. ಆದರೆ ಕಿವಿಗೆ? ಕಿವಿಯ ವಿಷಯದಲ್ಲಿ ನಮ್ಮೂರು ಕೈಚೆಲ್ಲಿ ಕುಳಿತಿದೆ. ಅದಕ್ಕೆ ಕಪಿಲೆಯ ಜೊತೆಯಲ್ಲಿಯೇ ಕೆಳಕ್ಕೆ ಇಳಿಯಬೇಕು. ಸುತ್ತೂರಿನ ಮಗ್ಗುಲಲ್ಲಿ ಹರಿದು ತಿರುಮಕೂಡಲು ನರಸೀಪುರದಲ್ಲಿ ಅವಳು ಕಾವೇರಿಯನ್ನು ಕೂಡಿಕೊಳ್ಳುವ ತನಕ ಹೋಗಬೇಕು. ೧೮೯೫ರಲ್ಲಿ ಪಿಟೀಲು ಚೌಡಯ್ಯನವರು ಹುಟ್ಟಿದ್ದು ಅಲ್ಲಿ. ಹೀಗೆ ನಮ್ಮ ಎರಡು ತಾಲ್ಲೂಕುಗಳು ಮನುಷ್ಯನ ಮುಖವನ್ನು ಅಣ್ಣತಮ್ಮಂದಿರ ಹಾಗೆ ಪಾಲು ಮಾಡಿಕೊಂಡಿವೆ: ಬಾಯಿ ನಮ್ಮದು, ಕಿವಿ ಅವರದು. ನಾನು ಹುಟ್ಟಿದ್ದು ನಂಜನಗೂಡಿನಲ್ಲಿ, ತಾಯಿಯ ತೌರು ನರಸೀಪುರ. ಆದ್ದರಿಂದ ಎರಡು ಪಾಲಿನಲ್ಲಿಯೂ ನನಗೆ ಅಷ್ಟಿಷ್ಟು ಹಕ್ಕುಂಟು.

ಈ ಹಕ್ಕಿನ ಮಾತು ಏತಕ್ಕೆ ಬಂತೆಂದರೆ, ನಾನು ಕೆಲಸದಿಂದ ನಿವೃತ್ತನಾದಾಗ ಮಗಳು ಒಂದು ಹೆಡ್‌ಫೋನನ್ನು ಕಳುಹಿಸಿಕೊಟ್ಟಳು. ಬಸ್ಸಿನಲ್ಲಿ ಹುಡುಗರು ಕಿವಿಯೊಳಗೆ ಕಡಲೆಕಾಳಿನಂತೆ ತುರುಕಿಕೊಳ್ಳುತ್ತಾರಲ್ಲ, ಅಂಥದಲ್ಲ. ನೆತ್ತಿಯ ಮೇಲೆ ಪಟ್ಟಿ, ಎರಡು ಕಡೆಗೂ ಕಿವಿಯನ್ನು ಪೂರಾ ಮುಚ್ಚುವ ಬಟ್ಟಲು, ಬಟ್ಟಲಿಗೆ ಮಖಮಲ್ಲಿನ ದಿಂಬು, ಬೆನ್ನಿಗೆ ಜಾಲರಿ, ಸರ್ವಾಲಂಕಾರಭೂಷಿತವಾದ ವಸ್ತು. ಬೆಲೆ ಎಷ್ಟೆಂದು ಮಗಳು ಹೇಳಲಿಲ್ಲ. ಅಳಿಯಂದಿರ ಬಾಯಿಂದ ತಿಳಿದ ದಿವಸ ಮಧ್ಯಾಹ್ನದ ನಿದ್ರೆ ಬರಲಿಲ್ಲ. ನನ್ನಾಕೆ ಅದಕ್ಕೆ "ಲಗಾಮು" ಎಂದು ನಾಮಕರಣ ಮಾಡಿದಳು. ಎದುರು ಮನೆಯವರು ಕಿಟಕಿಯಿಂದ ನೋಡಿ, "ಏನು ಸ್ವಾಮಿ, ಮಂಗನಬಾವೇ? ಪಟ್ಟಿ ಕಟ್ಟಿದಾರಲ್ಲ!" ಎಂದು ವಿಚಾರಿಸಿಕೊಂಡರು. ಅವರು ಕೇಳಿದ್ದು ನನಗೆ ಕೇಳಿಸಲಿಲ್ಲ, ಆಮೇಲೆ ತಿಳಿಯಿತು.

ಈ ವಸ್ತು ಇಂದು ನೆನ್ನೆಯದೆಂದು ಯಾರೂ ತಿಳಿಯಬೇಡಿ. ಅಮೆರಿಕದ ಯೂಟಾ ಪ್ರಾಂತದ ನೆಥೇನಿಯಲ್ ಬಾಲ್ಡ್‌ವಿನ್ ಎಂಬಾತ ಅದನ್ನು ತನ್ನ ಮನೆಯ ಅಡಿಗೆಕೋಣೆಯಲ್ಲಿ ಕಟ್ಟಿ, ೧೯೧೦ರಲ್ಲಿ ನೌಕಾದಳಕ್ಕೆ ಮಾರಿದ. ರೇಡಿಯೋ ಬಂದ ಹೊಸದರಲ್ಲಿ ಹರಳಿನ ಸೆಟ್ಟುಗಳಿಗೆ ದನಿ ಹೊರಡಿಸುವ ತ್ರಾಣವಿರಲಿಲ್ಲ. ಕಿವಿಗೆ ಹಚ್ಚಿಕೊಂಡೇ ಕೇಳಬೇಕು. ಮನೆಮಂದಿಯೆಲ್ಲ ಕೇಳಬೇಕೆಂದರೆ ಹೆಡ್‌ಫೋನನ್ನು ಲೋಹದ ಬೋಗುಣಿಯಲ್ಲಿಟ್ಟು ಸುತ್ತಲೂ ಕುಳಿತುಕೊಳ್ಳುತ್ತಿದ್ದರಂತೆ. ನಮ್ಮ ಮೈಸೂರಿನಲ್ಲಿ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಎಂ. ವಿ. ಗೋಪಾಲಸ್ವಾಮಿಯವರು ೧೯೩೫ರಲ್ಲಿ ತಮ್ಮ ಮನೆ 'ವಿಠ್ಠಲ ವಿಹಾರ'ದಲ್ಲಿಯೇ ಪುಟ್ಟ ಪ್ರಸಾರ ಕೇಂದ್ರವನ್ನು ಹೂಡಿದರು. 'ಆಕಾಶವಾಣಿ' ಎಂಬ ಹೆಸರು ಅಲ್ಲಿಯದು. ಮುಂದೆ ಅದು ಭಾರತಕ್ಕೆಲ್ಲ ಹೆಸರಾಯಿತು. ಇನ್ನು ಹೆಡ್‌ಫೋನು ಸಂಗೀತದ ವಾಹನವಾದದ್ದು ಕ್ರಮಕ್ರಮವಾಗಿ: ೧೯೩೭ರಲ್ಲಿ ಜರ್ಮನಿಯ ಬೇಯರ್, ೧೯೫೮ರಲ್ಲಿ ಅಮೆರಿಕದ ಕಾಸ್, ೧೯೬೮ರಲ್ಲಿ ಮತ್ತೆ ಜರ್ಮನಿಯ ಸೆನ್‌ಹೈಸರ್. ಈ ಕೊನೆಯವರು ಬಟ್ಟಲಿನ ಬೆನ್ನನ್ನು ತೆರೆದಿಟ್ಟರು. ಮುಚ್ಚಿದ ಬಟ್ಟಲಿನಲ್ಲಿ ಸದ್ದು ಕೊಡದೊಳಗಣ ಮಾತಿನಂತೆ ಗುಂಯ್‌ಗುಡುತ್ತದೆ. ಬೆನ್ನು ತೆರೆದರೆ ಹಜಾರದಲ್ಲಿ ಕುಳಿತು ಕೇಳಿದಂತೆ ಗಾಳಿಯಾಡುತ್ತದೆ. ಅವರದೇ ೧೯೯೭ರ ಎಚ್‌ಡಿ ೬೦೦ ಎಂಬುದು ಇಂದಿಗೂ ಬಲ್ಲವರ ಬಾಯಲ್ಲಿ ಓಡಾಡುತ್ತಿದೆ. ನನಗೆ ಬಂದಿರುವುದು ಅದರ ವಂಶದ್ದೇ.

ಇಂಥ ವಸ್ತು ಮನೆಗೆ ಬಂದರೆ ಬುದ್ಧಿ ಹೇಳುವವರು ಹಿಂದೆಯೇ ಬರುತ್ತಾರೆ. ಮೈಸೂರಿನಲ್ಲಿರುವ ನನ್ನ ತಂಗಿಯ ಮಗ ಅವರಲ್ಲಿ ಮೊದಲಿಗ. "ಮಾವ, ಇದನ್ನ ಹೀಗೇ ಕೇಳಿದರೆ ಪ್ರಯೋಜನವಿಲ್ಲ. ಡ್ಯಾಕ್ ಬೇಕು, ಆಂಪ್ಲಿಫೈಯರ್ ಬೇಕು, ಬೆಳ್ಳಿ ತಂತಿ ಬೇಕು," ಎಂದ. ನನಗೆ ಮದುವೆಯ ಪಟ್ಟಿ ನೆನಪಾಯಿತು: ಹುಡುಗಿಯೊಂದನ್ನು ಕೊಟ್ಟರೆ ಸಾಕು ಎಂದು ಶುರುವಾಗಿ ಬೆಳ್ಳಿ ಚೊಂಬಿಗೆ ಬಂದು ನಿಲ್ಲುವ ಪಟ್ಟಿ. ಒಂದೊಂದಾಗಿ ಪರೀಕ್ಷೆ ಮಾಡೋಣ ಎಂದೆ.

ಮೊದಲು ಡ್ಯಾಕು. ಫೋನಿನಲ್ಲಿರುವ ಸಂಗೀತವೆಲ್ಲ ಅಂಕಿಗಳು. ಆ ಅಂಕಿಗಳನ್ನು ಮತ್ತೆ ಅಲೆಯನ್ನಾಗಿ ಮಾಡಿಕೊಡುವ ಯಂತ್ರ ಅದು. ಈಗಿನ ಎಷ್ಟೋ ಫೋನುಗಳಲ್ಲಿ ಹೆಡ್‌ಫೋನಿನ ಕಂಡಿಯನ್ನೇ ಮುಚ್ಚಿಬಿಟ್ಟಿರುವುದರಿಂದ ಕಿರುಬೆರಳಿನಷ್ಟುದ್ದದ ಒಂದು ತುಂಡನ್ನು ಸಿಕ್ಕಿಸಬೇಕಾಗುತ್ತದೆ. ಡ್ಯಾಕು ಅದರೊಳಗೇ ಇದೆ. ಇದರಲ್ಲಿ ಸಾಧಾರಣವಾದದ್ದೂ ಸಾಕು. ೧೯೮೨ರಲ್ಲಿ ಸಿ.ಡಿ. ತಟ್ಟೆ ಬಂದಾಗಲೇ ಸೆಕೆಂಡಿಗೆ ೪೪,೧೦೦ ಸಲ ಅಳೆದು, ಒಂದೊಂದು ಅಳತೆಯನ್ನೂ ೧೬ ಬಿಟ್ಟುಗಳಲ್ಲಿ ಬರೆದಿಡುವ ಪದ್ಧತಿ ನಿಂತಿತು. ಮನುಷ್ಯನ ಎಳೆಯ ಕಿವಿ ಕೇಳಬಲ್ಲದ್ದು ಸೆಕೆಂಡಿಗೆ ೨೦ರಿಂದ ೨೦,೦೦೦ ಕಂಪನಗಳ ತನಕ. ಅಷ್ಟಕ್ಕೂ ಆ ಅಳತೆ ಸಾಲುತ್ತದೆ. ಅದಕ್ಕಿಂತ ಸೂಕ್ಷ್ಮವೆಂದು ಮಾರುವುದೆಲ್ಲ ನಾಯಿಗೂ ಬಾವಲಿಗೂ ಉಪಯೋಗವಾದೀತು. ಅರವತ್ತು ದಾಟಿದ ನನಗೆ ಮೇಲಿನ ಅಂತಸ್ತು ಆಗಲೇ ಖಾಲಿಯಾಗಿದೆ. ಅಲ್ಲಿಗೆ ಬಾಡಿಗೆ ಕೊಡುವುದೇತಕ್ಕೆ?

ಆಂಪ್ಲಿಫೈಯರಿನ ಮಾತು ಬೇರೆ, ಅದರಲ್ಲಿ ಹುರುಳುಂಟು. ಹೆಡ್‌ಫೋನಿನ ಬೆನ್ನ ಮೇಲೋ ಡಬ್ಬಿಯ ಮೇಲೋ 'ಓಮ್' ಎಂದು ಬರೆದಿರುತ್ತದೆ. ಅದು ಪ್ರಣವವಲ್ಲ, ವಿದ್ಯುತ್ತಿಗೆ ಆ ಸುರುಳಿ ಒಡ್ಡುವ ತಡೆಯ ಅಳತೆ. ಹುಡುಗರ ಕಿವಿಕಾಳುಗಳದು ೧೬, ೩೨, ನನ್ನದರದು ೩೦೦. ನಮ್ಮ ಕಡೆಯ ರೈತರಿಗೆ ಹೇಳುವ ಹಾಗೆ ಹೇಳುವುದಾದರೆ, ಕಿರಿದಾದ ತೂಬಿನಿಂದ ನೀರು ರಭಸವಾಗಿ ಬರಬೇಕಾದರೆ ಕೆರೆಯಲ್ಲಿ ನೀರಿನ ಮಟ್ಟ ಎತ್ತರವಿರಬೇಕು. ಹೆಚ್ಚು ಓಮಿನ ಹೆಡ್‌ಫೋನಿಗೆ ಹೆಚ್ಚು ವೋಲ್ಟು ಬೇಕು. ಫೋನಿನ ಪುಟ್ಟ ಕೆರೆಯಲ್ಲಿ ಆ ಎತ್ತರವಿಲ್ಲ. ಸಂಗೀತ ಕೇಳಿಸುತ್ತದೆ, ಆದರೆ ಗುಂಡಿಯನ್ನು ತುದಿ ಮುಟ್ಟಿಸಿದರೂ ಮೃದಂಗದ ತೊಪ್ಪಿಗೆ ತೂಕ ಬರುವುದಿಲ್ಲ. ಅಂಗೈಯಗಲದ ಒಂದು ಸಾಧಾರಣ ಆಂಪ್ಲಿಫೈಯರು ಬಂದ ಮೇಲೆ ದಮ್ಮು ಬಂತು. ಹತ್ತು ಪಟ್ಟು ಬೆಲೆಯ ಇನ್ನೊಂದನ್ನು ಹುಡುಗ ತಂದು ತೋರಿಸಿದ. ಎರಡರಲ್ಲಿಯೂ ತೊಪ್ಪಿ ತೊಪ್ಪಿಯೇ.

ಬೆಳ್ಳಿ ತಂತಿಯ ಪರೀಕ್ಷೆ ಸ್ವಾರಸ್ಯವಾಗಿತ್ತು. ಹೆಡ್‌ಫೋನಿನ ಬೆಲೆಯ ಮೂರನೆಯ ಒಂದು ಪಾಲಾಗುವ ಆ ತಂತಿಯನ್ನು ಹುಡುಗ ಯಾರಿಂದಲೋ ಎರಡು ದಿವಸಕ್ಕೆ ಕೇಳಿ ತಂದಿದ್ದ. ನನ್ನ ಕಣ್ಣಿಗೆ ಟವಲು ಕಟ್ಟಿದ. ಒಂದು ರೂಪಾಯಿ ನಾಣ್ಯವನ್ನು ಚಿಮ್ಮಿ, ತಲೆ ಬಿದ್ದರೆ ಬೆಳ್ಳಿ, ಬಾಲ ಬಿದ್ದರೆ ತಾಮ್ರ ಎಂದು ಹತ್ತು ಸಲ ಬದಲಾಯಿಸಿದ. ಎರಡಕ್ಕೂ ಸದ್ದಿನ ಮಟ್ಟ ಒಂದೇ ಇರಲಿ ಎಂದು ಮೊದಲೇ ಕರಾರು ಮಾಡಿಕೊಂಡಿದ್ದೆವು. ಕಿವಿಗೆ ಒಂದು ಕೂದಲೆಳೆ ಜೋರಾಗಿರುವುದೆಲ್ಲ ಚೆನ್ನಾಗಿಯೇ ಕೇಳುತ್ತದೆ, ಅಂಗಡಿಯವರಿಗೆ ಈ ಗುಟ್ಟು ಗೊತ್ತು. ಹತ್ತರಲ್ಲಿ ಆರನ್ನು ಸರಿಯಾಗಿ ಹೇಳಿದೆ. "ನೋಡಿದಿರಾ, ಗೊತ್ತಾಗತ್ತೆ!" ಎಂದು ಹುಡುಗ ಹಿಗ್ಗಿದ. "ನಾಣ್ಯವನ್ನೇ ಕೇಳಿದ್ದರೂ ಐದು ಸರಿಯಾಗಿ ಹೇಳುತ್ತಿತ್ತಪ್ಪ," ಎಂದೆ. ತಂತಿ ನೂರು ಗಂಟೆ ಹಾಡಿ ಪಳಗಬೇಕು ಎಂದು ಅವನ ವಾದ. ನೂರು ಗಂಟೆ ಹಾಡು ಕೇಳಿದರೆ ಪಳಗುವುದು ಕಿವಿ, ತಂತಿಯಲ್ಲ. ತಂತಿಯನ್ನು ಬದಲಾಯಿಸಬೇಕಾದ ಕಾಲ ಒಂದೇ: ಬುಡದಲ್ಲಿ ಅಲುಗಿಸಿದಾಗ ಚರಚರ ಎನ್ನುವಾಗ.

ಆದರೆ ಖರ್ಚಿಲ್ಲದ ಸುಧಾರಣೆಗಳು ಕೆಲವುಂಟು. ಅವನ್ನು ಯಾರೂ ಮಾರುವುದಿಲ್ಲವಾದ್ದರಿಂದ ಯಾರೂ ಹೇಳುವುದೂ ಇಲ್ಲ. ಚೌಡಯ್ಯನವರ ಹಳೆಯ ೭೮ ಸುತ್ತಿನ ತಟ್ಟೆಗಳನ್ನು ಪುಣ್ಯಾತ್ಮರು ಅಂಕಿಗಳಾಗಿ ಮಾಡಿ ಇಟ್ಟಿದ್ದಾರೆ. ಆ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಸುವುದು ಮೂರು ಚಿಲ್ಲರೆ ನಿಮಿಷ. ಹರಿಕಥೆಯನ್ನು ಅಂಚೆಕಾರ್ಡಿನಲ್ಲಿ ಬರೆದಂತೆ. ಅದರಲ್ಲಿ ಮುದ್ರಿತವಾದದ್ದು ಒಂದೇ ಧ್ವನಿಮಾರ್ಗ. ಆದರೆ ಈಗಿನ ಯಂತ್ರದಿಂದ ಎತ್ತುವಾಗ ಎಡಬಲ ಎರಡಾಗಿ ಎತ್ತುತ್ತಾರೆ. ಪಿಟೀಲು ಎರಡರಲ್ಲಿಯೂ ಒಂದೇ. ಗೀರಿನ ಕರಕರ ಮಾತ್ರ ಎರಡರಲ್ಲಿ ಬೇರೆಬೇರೆ. ಫೋನಿನಲ್ಲಿ 'ಮೋನೋ' ಎಂಬ ಗುಂಡಿಯೊಂದುಂಟು; ಅದನ್ನು ಒತ್ತಿ ಎರಡನ್ನೂ ಸೇರಿಸಿದರೆ ಪಿಟೀಲು ಗಟ್ಟಿಯಾಗಿ, ಕರಕರ ಒಂದಷ್ಟು ತನ್ನಷ್ಟಕ್ಕೆ ತಾನೇ ಹೊಡೆದುಹೋಗುತ್ತದೆ. ಗೀರನ್ನೆಲ್ಲ ಯಂತ್ರದಿಂದ ಒರಸಿ ತೆಗೆದ ಮುದ್ರಣಗಳೂ ಸಿಕ್ಕುತ್ತವೆ. ಅವುಗಳಲ್ಲಿ ಕಮಾನು ತಂತಿಯನ್ನು ಹಿಡಿಯುವ ಆ ಮೊದಲಿನ 'ಸರ್' ಎಂಬ ಉಸಿರೂ ಒರಸಿಹೋಗಿರುತ್ತದೆ. ಹಳೆಯ ತಾಮ್ರದ ಕೊಡವನ್ನು ಹೊಳಪು ಬರಲೆಂದು ಉಜ್ಜಿ ಉಜ್ಜಿ ತೂತು ಮಾಡಿದ ಹಾಗೆ.

ಮುದ್ರಣವೇ ಮೂಲ, ಅದು ಕೆಟ್ಟರೆ ಕಿವಿಯ ಹತ್ತಿರ ಎಂಥ ಯಂತ್ರವಿದ್ದರೂ ಕೆಟ್ಟದ್ದನ್ನೇ ಸ್ಫುಟವಾಗಿ ಕೇಳಿಸುತ್ತದೆ. ಇದನ್ನು ಬಲ್ಲ ಅರಸರು ನಮಗಿದ್ದರು. ಲಂಡನ್ನಿನಲ್ಲಿ ಮುಪ್ಪಿನಲ್ಲಿ ಬಡತನದಲ್ಲಿದ್ದ ನಿಕೊಲಾಯ್ ಮೆಟ್‌ನರ್ ಎಂಬ ರಷ್ಯದ ವಾಗ್ಗೇಯಕಾರನ ಕೃತಿಗಳನ್ನು ಆತನ ಕೈಯಿಂದಲೇ ನುಡಿಸಿ ತಟ್ಟೆಗಳಲ್ಲಿ ಉಳಿಸುವುದಕ್ಕೆ ಜಯಚಾಮರಾಜ ಒಡೆಯರು ಹಣ ಕೊಟ್ಟು ಸಂಘವನ್ನು ಕಟ್ಟಿಸಿದರು. ಆತ ತನ್ನ ಮೂರನೆಯ ಪಿಯಾನೋ ಕಾಂಚೆರ್ಟೋವನ್ನು ಮೈಸೂರು ಮಹಾರಾಜರಿಗೆ ಅರ್ಪಿಸಿದ. ಇಂದು ಪ್ರಪಂಚದ ಯಾವ ಮೂಲೆಯಲ್ಲಿ ಮೆಟ್‌ನರನ ಕೈಬೆರಳನ್ನು ಕೇಳಿದರೂ ಅದರ ಹಿಂದೆ ಮೈಸೂರಿನ ಬೊಕ್ಕಸದ ಸದ್ದು ಸಣ್ಣಗೆ ಕೇಳಬೇಕು.

ಇನ್ನು ಆರೈಕೆ. ಹೆಡ್‌ಫೋನಿನ ದೊಡ್ಡ ವೈರಿ ನಮ್ಮ ಎಣ್ಣೆ. ಕೊಬ್ಬರಿ ಎಣ್ಣೆ ಹಚ್ಚಿ, ಹಣೆಗೆ ವಿಭೂತಿ ಧರಿಸಿ, ಬೆವರುತ್ತ ಕುಳಿತು ಸಂಗೀತ ಕೇಳುವ ಜನವನ್ನು ಕಂಡು ಜರ್ಮನಿಯವರು ಆ ದಿಂಬುಗಳನ್ನು ಮಾಡಲಿಲ್ಲ. ಎಣ್ಣೆ ಕುಡಿದ ದಿಂಬು ಗಟ್ಟಿಯಾಗುತ್ತದೆ, ಚಪ್ಪಟೆಯಾಗುತ್ತದೆ. ಕಿವಿ ಒಳಗಿನ ಪೊರೆಗೆ ಹತ್ತಿರವಾಗುತ್ತದೆ. ಸದ್ದಿನ ಬಣ್ಣವೇ ಬದಲಾಗುತ್ತದೆ. ದಿನವೂ ಕೇಳುವವರು ಒಂದೆರಡು ವರ್ಷಕ್ಕೊಮ್ಮೆ ದಿಂಬನ್ನು ಬದಲಾಯಿಸುವುದು ಮೇಲು. ಬೆಳ್ಳಿ ತಂತಿಗೆ ಹಾಕುವ ದುಡ್ಡಿನಲ್ಲಿ ನಾಲ್ಕಾರು ಜೊತೆ ದಿಂಬು ಬಂದಾವು. ನಡುವೆ, ಮಖಮಲ್ಲಿನದಾದರೆ ಕಳಚಿ, ಉಗುರುಬೆಚ್ಚನೆಯ ನೀರಿನಲ್ಲಿ ಸೌಮ್ಯವಾದ ಸೋಪಿನಿಂದ ಅದುಮಿ ತೊಳೆದು, ಹಿಂಡದೆ, ನೆರಳಿನಲ್ಲಿ ಒಣಗಿಸಬೇಕು. ಚರ್ಮದಂಥದಾದರೆ ಒದ್ದೆ ಬಟ್ಟೆಯಿಂದ ಒರಸಬೇಕು. ಸ್ಪಿರಿಟ್ಟು ತಾಕಿದರೆ ಬಿರುಕು ಬಿಡುತ್ತದೆ. ಕನ್ನಡಕದವರಿಗೆ ಒಂದು ಮಾತು: ಕನ್ನಡಕದ ಕಡ್ಡಿ ದಿಂಬನ್ನು ಎತ್ತಿ ಹಿಡಿದರೆ ಆ ಸಂದಿಯಿಂದ ಕೆಳಗಿನ ಸ್ವರಗಳು ಸೋರಿಹೋಗುತ್ತವೆ. ಕೇಳುವಾಗ ಕನ್ನಡಕ ಏತಕ್ಕೆ? ಕಣ್ಣು ಮುಚ್ಚಿ ಕೇಳಿ.

ಎರಡನೆಯ ವೈರಿ ಕೂದಲು. ಒಮ್ಮೆ ಬಲಗಡೆಯಿಂದ ಷಡ್ಜದ ಜೊತೆಗೆ ಜೀರುಂಡೆಯಂಥ ಸದ್ದು ಬರತೊಡಗಿತು. ಯಂತ್ರ ಕೆಟ್ಟಿತೆಂದು ಹುಡುಗ ಗಾಬರಿಯಾದ. ದಿಂಬನ್ನು ಕಳಚಿ, ಸ್ಪಂಜಿನ ತೆಳ್ಳನೆಯ ಹಾಳೆಯನ್ನು ತೆಗೆದು, ಬೆಳಕಿಗೆ ಹಿಡಿದು ನೋಡಿದರೆ ಪೊರೆಯ ಮೇಲೆ ಒಂದು ನರೆಗೂದಲು ಕುಳಿತು ತಾಳ ಹಾಕುತ್ತಿತ್ತು. ಆ ಪೊರೆ ಈರುಳ್ಳಿಯ ಒಳಸಿಪ್ಪೆಗಿಂತ ನವುರು. ಬಾಯಿಂದ ಊದಬಾರದು, ಉಗುಳಿನ ತೇವ ಹೋಗುತ್ತದೆ. ಯಂತ್ರದಿಂದ ಗಾಳಿ ಬಿಡಬಾರದು, ಎಳೆಯಲೂಬಾರದು, ಪೊರೆ ನಜ್ಜಾಗುತ್ತದೆ. ಒಣಗಿದ ಮೃದುವಾದ ಕುಂಚದ ತುದಿಯಿಂದ ಅಂಚಿಗೆ ತಂದು ಎತ್ತಿದರಾಯಿತು. ಒಳಗೆ ಅಯಸ್ಕಾಂತವಿರುವುದರಿಂದ ಕಬ್ಬಿಣದ ಅರಪುಡಿ ಹಾರುವ ಕಡೆ ಅದನ್ನು ತೆರೆದಿಡಬಾರದು.

ಮೂರನೆಯದು ತೇವ. ಕಬಿನಿಯ ಅಣೆಕಟ್ಟಿನಿಂದ ನೀರು ಬಿಟ್ಟರೆಂದರೆ ನಮ್ಮೂರಿನ ಸ್ನಾನಘಟ್ಟ ಮುಳುಗುತ್ತದೆ. ೨೦೧೮ರಲ್ಲಿಯೂ ೨೦೧೯ರಲ್ಲಿಯೂ ಮಲ್ಲನಮೂಲೆಯ ಮಠದ ಬಳಿ ಮೈಸೂರಿನ ರಸ್ತೆಯೇ ನೀರಿನಡಿಯಾಯಿತು. ಆ ತಿಂಗಳುಗಳಲ್ಲಿ ಮನೆಯ ಹಪ್ಪಳವೆಲ್ಲ ಮೆತ್ತಗಾಗುತ್ತದೆ. ಹಪ್ಪಳ ಮೆತ್ತಗಾದ ಮನೆಯಲ್ಲಿ ಹೆಡ್‌ಫೋನನ್ನು ಹೊರಗೆ ಬಿಡಬಾರದೆಂಬುದು ನನ್ನ ಸೂತ್ರ. ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿಟ್ಟು, ಔಷಧಿ ಸೀಸೆಗಳಲ್ಲಿಯೂ ಬೂಟಿನ ಪೆಟ್ಟಿಗೆಗಳಲ್ಲಿಯೂ ಬರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಜೊತೆಗೆ ಹಾಕುತ್ತೇನೆ. ಬೆವರಿನ ದಿಂಬು ಆರಿದ ಮೇಲೆ ಮುಚ್ಚಳ. ಮೊದಲೇ ಮುಚ್ಚಿದರೆ ಬೂಜು ಕಚೇರಿಗೆ ಕೂರುತ್ತದೆ. ತಂತಿಯನ್ನು ಬಟ್ಟಲಿಗೆ ಬಿಗಿದು ಸುತ್ತುವುದಿಲ್ಲ. ಅದು ತಾನಾಗಿ ಯಾವ ಕಡೆಗೆ ಸುರುಳಿಯಾಗುತ್ತದೆಯೋ ಆ ಕಡೆಗೆ ಸಡಿಲವಾಗಿ ಸುರುಳಿ ಮಾಡುತ್ತೇನೆ. ಕೀಳುವಾಗ ತಲೆಯನ್ನು ಹಿಡಿದು ಕೀಳಬೇಕು, ಬಾಲವನ್ನು ಹಿಡಿದಲ್ಲ.

ಇಷ್ಟೆಲ್ಲ ಸಿದ್ಧವಾದ ಮೇಲೆ ನನಗೆ ನರಸೀಪುರದ ಸೋದರಮಾವನ ನೆನಪು ಬಲವಾಗಿ ಬಂತು. ಅವರಿಗೆ ಎಂಬತ್ತಾರು ವರ್ಷ, ಮೇಷ್ಟರಾಗಿದ್ದವರು. ಸಂಜೆ ಶಾಲೆ ಬಿಟ್ಟ ಮೇಲೆ ಪಿಟೀಲು ಹಿಡಿಯುತ್ತಿದ್ದರು. ಕಚೇರಿ ಮಾಡುವ ಮಟ್ಟಕ್ಕಲ್ಲ. ಸಂಗಮದ ಮೆಟ್ಟಿಲಿನ ಮೇಲೆ ತಮಗೂ ನದಿಗೂ ಕೇಳುವಷ್ಟು. ಚೌಡಯ್ಯನವರು ೧೯೬೭ರಲ್ಲಿ ತೀರಿಕೊಂಡಾಗ ಮಾವನಿಗೆ ಇಪ್ಪತ್ತೆಂಟು. ಅಷ್ಟರಲ್ಲಿ ಅವರನ್ನು ಎದುರು ಕುಳಿತು ಕೇಳಿದ್ದರು. "ಏಳು ತಂತಿ ಯಾಕೆ ಹೂಡಿದರು ಗೊತ್ತೇನೋ? ಹಿಂದೆ ಕೂತವನಿಗೂ ಕೇಳಬೇಕು ಅಂತ," ಎಂದು ನಮಗೆಲ್ಲ ಎಷ್ಟು ಸಲ ಹೇಳಿದ್ದಾರೋ. ನಿಜ. ಧ್ವನಿವರ್ಧಕ ಇನ್ನೂ ಸಭೆಗಳಿಗೆ ಸರಿಯಾಗಿ ಬಾರದಿದ್ದ ೧೯೨೦ರ ದಶಕದಲ್ಲಿ ಚೌಡಯ್ಯನವರು ನಾಲ್ಕು ತಂತಿಗೆ ಇನ್ನು ಮೂರು ಸೇರಿಸಿ ಪಿಟೀಲಿನ ದನಿಗೆ ಪುಷ್ಟಿ ತಂದರು. ಆಗಿನ ಕಾಲದ ಪಂಡಿತರು ಹುಬ್ಬು ಹಾರಿಸಿದರು. ೧೯೫೭ರಲ್ಲಿ ಮದ್ರಾಸಿನ ಮ್ಯೂಸಿಕ್ ಅಕಾಡೆಮಿ ಅವರಿಗೇ ಸಂಗೀತ ಕಲಾನಿಧಿ ಕೊಟ್ಟಿತು. ಯಂತ್ರದಲ್ಲಿ ಸುಧಾರಣೆಯೆಂದರೆ ಇದು: ಹಿಂದಿನ ಸಾಲಿನವನನ್ನು ನೆನೆದು ಮಾಡಿದ್ದು.

ಈಗ ಆ ಹಿಂದಿನ ಸಾಲಿನಲ್ಲಿ ಮಾವನೇ ಕುಳಿತಿದ್ದರು. ಅವರ ಕಿವಿ ಕುಂದುತ್ತ ಬಂದದ್ದು ಬಹಳ ದಿವಸ ಯಾರಿಗೂ ತಿಳಿಯಲಿಲ್ಲ. ಅವರು ಮೊದಲಿಂದಲೂ ಮಿತಭಾಷಿ. ೧೯೮೯ರಿಂದ ಅಲ್ಲಿಯ ಸಂಗಮದಲ್ಲಿ ಕುಂಭಮೇಳ ನಡೆಯುತ್ತ ಬಂದಿದೆಯಷ್ಟೆ. ೨೦೨೫ರ ಫೆಬ್ರವರಿಯ ಮೇಳ ಮುಗಿದ ಮಾರನೆಯ ದಿವಸ ಊಟಕ್ಕೆ ಕುಳಿತು, "ಈ ಸಲ ಮೇಳ ಬಹಳ ಶಾಂತವಾಗಿ ನಡೀತು, ಮೈಕಿನ ಗಲಾಟೆಯೇ ಇರಲಿಲ್ಲ," ಎಂದು ಮೆಚ್ಚಿಕೊಂಡರು. ಬಡಿಸುತ್ತಿದ್ದ ಸೊಸೆಯ ಕೈ ಅಲ್ಲೇ ನಿಂತಿತು. ಮೂರು ದಿವಸವೂ ಆ ಮನೆಯಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳಿಸಿರಲಿಲ್ಲ.

ಆಮೇಲೆ ಮನೆಯವರೆಲ್ಲ ಕೂಗಿ ಮಾತನಾಡತೊಡಗಿದರು. ಮಾವನಿಗೆ ಅದು ಮತ್ತೂ ಹಿಂಸೆ. "ಕೂಗಬೇಡ್ರೋ. ಸದ್ದು ಕೇಳತ್ತೆ, ಮಾತು ಕೇಳಲ್ಲ," ಎನ್ನುತ್ತಿದ್ದರು. ಮುಪ್ಪಿನ ಕಿವುಡಿನ ನಿಜಸ್ವರೂಪವನ್ನು ಇದಕ್ಕಿಂತ ಚೆನ್ನಾಗಿ ಯಾವ ವೈದ್ಯನೂ ಹೇಳಲಾರ. ಮೊದಲು ಹೋಗುವುವು ಮೇಲಿನ ಕಂಪನಗಳು. ಅ, ಆ, ಓ ಎಂಬ ಸ್ವರಗಳು ಕೆಳಗಿರುವುದರಿಂದ ಉಳಿಯುತ್ತವೆ. ಸ, ಶ, ತ, ಫ ಎಂಬ ವ್ಯಂಜನಗಳ ಗುರುತೆಲ್ಲ ಮೇಲಿದೆ, ಅವು ಹೋಗುತ್ತವೆ. ಕೂಗಿದರೆ ಸ್ವರ ದೊಡ್ಡದಾಗುತ್ತದೆಯೇ ಹೊರತು ವ್ಯಂಜನ ಬರುವುದಿಲ್ಲ. ಪಿಟೀಲಿನದೂ ಇದೇ ಕಥೆ: ಸ್ವರದ ಬುಡ ಉಳಿಯುತ್ತದೆ, ತುದಿಯ ಮಿಂಚು ಹೋಗುತ್ತದೆ. ಮಾವ ರೇಡಿಯೋವನ್ನು ಮುಟ್ಟುವುದನ್ನೇ ಬಿಟ್ಟಿದ್ದರು. ಏತಕ್ಕೆ ಎಂದರೆ, "ಎಲ್ಲರೂ ಕಂಬಳಿ ಹೊದ್ದುಕೊಂಡು ನುಡಿಸ್ತಾರೆ ಕಣೋ," ಎಂದರು. ತಮ್ಮ ಪಿಟೀಲಿನ ತಂತಿಗಳನ್ನೂ ಸಡಿಲಿಸಿ ಪೆಟ್ಟಿಗೆಯಲ್ಲಿಟ್ಟಿದ್ದರು. ಅದನ್ನು ನೋಡಿ ನನ್ನ ಕರುಳು ಚುರುಕ್ಕೆಂದಿತು.

ಹೆಡ್‌ಫೋನನ್ನು ಚೀಲದಲ್ಲಿಟ್ಟುಕೊಂಡು ಬಸ್ಸಿನಲ್ಲಿ ನರಸೀಪುರಕ್ಕೆ ಹೋದೆ. ಆದರೆ ಅಂದು ಅದನ್ನು ಅವರ ಕಿವಿಗೆ ಇಡಲಿಲ್ಲ. ಒಂದು ಭಯವಿತ್ತು. ಕೇಳದ ಕಿವಿಗೆ ಇಂಥ ಯಂತ್ರ ಸಿಕ್ಕಿದರೆ ಗುಂಡಿ ಒಂದೇ ಕಡೆಗೆ ತಿರುಗುತ್ತದೆ. ಉಳಿದ ಅಷ್ಟಿಷ್ಟೂ ಕೈಬಿಟ್ಟು ಹೋದೀತು. ವಿಶ್ವ ಆರೋಗ್ಯ ಸಂಸ್ಥೆಯವರು ದೊಡ್ಡವರ ಕಿವಿಗೆ ಒಂದು ಲೆಕ್ಕ ಕೊಟ್ಟಿದ್ದಾರೆ: ೮೦ ಡೆಸಿಬೆಲ್ ಸದ್ದಾದರೆ ವಾರಕ್ಕೆ ೪೦ ಗಂಟೆ. ಮೂರು ಡೆಸಿಬೆಲ್ ಏರಿದಾಗಲೆಲ್ಲ ಹೊತ್ತು ಅರ್ಧ ಇಳಿಯಬೇಕು: ೮೩ಕ್ಕೆ ೨೦ ಗಂಟೆ, ೮೬ಕ್ಕೆ ೧೦, ೯೦ಕ್ಕೆ ನಾಲ್ಕೇ ಗಂಟೆ. ಸಾಲದ ಬಡ್ಡಿಯೂ ಇಷ್ಟು ಬೇಗ ಬೆಳೆಯದು. ಕಿವಿಯ ಒಳಗಣ ಶಂಖದಲ್ಲಿ ಸದ್ದನ್ನು ಹಿಡಿದು ಮಿದುಳಿಗೆ ಮುಟ್ಟಿಸುವ ಕಾರ್ಯದಲ್ಲಿ ತೊಡಗಿದ ರೋಮಕೋಶಗಳು ಒಂದೊಂದು ಕಿವಿಯಲ್ಲಿಯೂ ಸುಮಾರು ೧೫,೦೦೦. ಸತ್ತದ್ದು ಮನುಷ್ಯನಲ್ಲಿ ಮತ್ತೆ ಹುಟ್ಟುವುದಿಲ್ಲ. ಹೆಡ್‌ಫೋನಿಗೆ ದಿಂಬು, ತಂತಿ, ಪಟ್ಟಿ, ಪೊರೆ ಎಲ್ಲ ಬಿಡಿಯಾಗಿ ಸಿಕ್ಕುತ್ತವೆ. ಇದಕ್ಕೆ ಬಿಡಿಭಾಗವಿಲ್ಲ.

ಆದ್ದರಿಂದ ಮಾವನನ್ನು ಮೈಸೂರಿಗೆ, ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋದೆ. ೧೯೬೫ರಲ್ಲಿ ಆರಂಭವಾದ ಈ ಸಂಸ್ಥೆ ಮೈಸೂರಿನಲ್ಲಿಯೇ ಇರುವುದು ನಮ್ಮ ಭಾಗ್ಯ. ಕಿವಿಗೆ ಊರಿಲ್ಲವೆಂದು ನಾನು ಕೊರಗಬೇಕಾಗಿಲ್ಲ. ಕಿವಿಯೊಳಗೆ ಗುಗ್ಗೆ ಗಟ್ಟಿಯಾಗಿ ಬೆಣೆಯಂತೆ ಕುಳಿತಿತ್ತು. ವೈದ್ಯರು ಅದನ್ನು ತೆಗೆದರು. ಕೋಟಿ ರೂಪಾಯಿನ ತಂತಿಯೂ ಮಾಡಲಾರದ ಸುಧಾರಣೆ ಅಷ್ಟರಲ್ಲೇ ಆಯಿತು. ಆಮೇಲೆ ಸದ್ದುಗೇಡಿಲ್ಲದ ಕೋಣೆಯಲ್ಲಿ ಕೂರಿಸಿ, ಹೆಡ್‌ಫೋನನ್ನೇ ತೊಡಿಸಿ, ಸಣ್ಣ ಸಣ್ಣ ಕೂಗುಗಳನ್ನು ಕೇಳಿಸಿ, ಎರಡು ಕಿವಿಗೂ ಆಡಿಯೋಗ್ರಾಮ್ ಎಂಬ ನಕ್ಷೆ ಬರೆದುಕೊಟ್ಟರು. ಕೆಳಗಿನ ಸ್ವರಗಳಲ್ಲಿ ಗೆರೆ ಮಟ್ಟಸವಾಗಿ ಹೋಗಿ, ೨,೦೦೦ ಕಂಪನ ದಾಟುತ್ತಲೇ ಘಟ್ಟ ಇಳಿದಂತೆ ಇಳಿದಿತ್ತು. ಎಡಗಿವಿಯಲ್ಲಿ ಇಳಿತ ಹೆಚ್ಚು. ಮಾತಿಗೆ ಶ್ರವಣಯಂತ್ರವಾಯಿತು. ಸಂಗೀತಕ್ಕೆ ಅದು ಅಷ್ಟು ಒಗ್ಗಲಿಲ್ಲ. ಅದನ್ನು ಮಾತಿಗೆಂದು ಹದ ಮಾಡಿರುತ್ತಾರೆ, ಪಿಟೀಲಿನ ಉದ್ದನೆಯ ಸ್ವರವನ್ನು ಅದು ಯಾವುದೋ ಸೀಟಿ ಎಂದು ತಿಳಿದು ಅಡಗಿಸಲು ನೋಡುತ್ತದೆ.

ಅಲ್ಲಿ ನಮ್ಮ ಹೆಡ್‌ಫೋನು ಕೆಲಸಕ್ಕೆ ಬಂತು. ಫೋನಿನಲ್ಲಿ ಈಕ್ವಲೈಸರ್ ಎಂಬುದುಂಟು. ಕೆಳಗಿನ, ನಡುವಣ, ಮೇಲಿನ ಸ್ವರಗಳನ್ನು ಬೇರೆಬೇರೆಯಾಗಿ ಏರಿಸಿ ಇಳಿಸುವ ಸಾಲುಗುಂಡಿ. ಆ ನಕ್ಷೆಯನ್ನು ಮುಂದಿಟ್ಟುಕೊಂಡು ಕುಂದಿದ ಜಾಗಗಳನ್ನು ಎತ್ತಿದೆವು. ಪೂರಾ ಎತ್ತಬಾರದೆಂದು ತಿಳಿದವರು ಎಚ್ಚರಿಸಿದ್ದರು: ಕುಂದಿದ್ದರ ಅರ್ಧದಷ್ಟು ತುಂಬಿದರೆ ಸಾಕು, ಮುದಿಕಿವಿಗೆ ಸಣ್ಣದು ಕೇಳದಿದ್ದರೂ ದೊಡ್ಡದು ಚುಚ್ಚುತ್ತದೆ. ಒಟ್ಟು ಸದ್ದನ್ನು ಮೊದಲು ಇಳಿಸಿಕೊಂಡು ಆಮೇಲೆ ಬೇಕಾದ್ದನ್ನು ಎತ್ತಿದೆವು. ಗುಂಡಿ ಯಾವ ಗೆರೆಯನ್ನು ದಾಟಬಾರದೋ ಅಲ್ಲಿ ಸೊಸೆ ಕುಂಕುಮದ ಬೊಟ್ಟು ಇಟ್ಟಳು.

ಶ್ರವಣಯಂತ್ರವನ್ನು ತೆಗೆದಿಟ್ಟು ಮಾವ ಹೆಡ್‌ಫೋನು ತೊಟ್ಟರು. ಚೌಡಯ್ಯನವರ ತಟ್ಟೆಯೊಂದನ್ನು ಹಚ್ಚಿದೆ. ಮುಖದಲ್ಲಿ ಏನೂ ಬದಲಾವಣೆ ಕಾಣಲಿಲ್ಲ. ತಟ್ಟೆ ಮುಗಿಯಿತು. ನಾನು ಸೋತೆನೆಂದುಕೊಂಡೆ. ಅಷ್ಟರಲ್ಲಿ ನೋಡಿದರೆ ಅವರ ಎಡಗೈಯ ಬೆರಳುಗಳು ಪಂಚೆಯ ಮೇಲೆ ಒಂದೊಂದಾಗಿ ಅಲುಗುತ್ತಿದ್ದವು. ತಟ್ಟೆ ನಿಂತಿದ್ದರೂ ಬೆರಳು ನಿಂತಿರಲಿಲ್ಲ. "ಇನ್ನೊಂದ್ಸಲ ಹಾಕು," ಎಂದರು. ಹಾಕಿದೆ. ಮೂರನೆಯ ಸಲ ಮುಗಿದ ಮೇಲೆ ಹೇಳಿದರು: "ಮೇಲಿನ ಮಿಂಚು ಇಲ್ಲ ಕಣೋ. ಅದು ಹೋಯ್ತು, ಬರಲ್ಲ. ಆದರೆ ಕಮಾನು ತಿರುಗೋದು ಕೇಳಿಸ್ತು." ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಷ್ಟು ಕೇಳಿದರೆ ಮಿಕ್ಕಿದ್ದು ನನಗೆ ಜ್ಞಾಪಕ ಇದೆ," ಎಂದರು.

ದೊಡ್ಡ ಬೆಲೆಯ ಯಂತ್ರಗಳ ವಿಚಾರದಲ್ಲಿ ಇದಕ್ಕಿಂತ ದೊಡ್ಡ ಮಾತನ್ನು ನಾನು ಕೇಳಿಲ್ಲ. ಯಂತ್ರ ಕೊಡುವುದು ಅರ್ಧ. ಉಳಿದರ್ಧವನ್ನು ಕೇಳುವವನು ಎಂದೋ ಗಳಿಸಿಟ್ಟುಕೊಂಡಿರಬೇಕು. ಎಳೆಯ ಕಿವಿಯಲ್ಲಿ ಒಳ್ಳೆಯದನ್ನು ತುಂಬಿಕೊಂಡವನಿಗೆ ಮುಪ್ಪಿನಲ್ಲಿ ಒಂದು ಕಮಾನಿನ ತಿರುವು ಸಿಕ್ಕಿದರೆ ಇಡೀ ಕಚೇರಿ ಎದ್ದುಬರುತ್ತದೆ. ತುಂಬಿಕೊಳ್ಳದವನಿಗೆ ಬೆಳ್ಳಿ ತಂತಿಯಲ್ಲಿ ಹರಿದು ಬರುವುದು ಬೆಳ್ಳಿಯ ಲೆಕ್ಕ ಮಾತ್ರ. ನನ್ನ ತಂಗಿಯ ಮಗನಿಗೆ ಇದನ್ನು ಹೇಳಿದೆ. ಅವನು ಸ್ವಲ್ಪ ಯೋಚಿಸಿ ಕಿವಿಕಾಳಿನ ಸದ್ದನ್ನು ಎರಡು ಗೆರೆ ಇಳಿಸಿದ. ಅಷ್ಟು ಗುರುದಕ್ಷಿಣೆ ಸಾಕು.

ಈಗ 'ಲಗಾಮು' ಹದಿನೈದು ದಿವಸ ನಂಜನಗೂಡಿನಲ್ಲಿ, ಹದಿನೈದು ದಿವಸ ನರಸೀಪುರದಲ್ಲಿ. ಹೋಗುವಾಗ ಬರುವಾಗ ಎರಡು ಜೊತೆ ದಿಂಬು ಜೊತೆಗೆ ಹೋಗುತ್ತವೆ, ಅವರದು ಬೇರೆ ನನ್ನದು ಬೇರೆ. ಕಳೆದ ಸಲ ಹೋದಾಗ ಅವರ ದಿಂಬು ಹೊಸದರಂತೆ ಮೆತ್ತಗೆ ಇದ್ದುದನ್ನು ಕಂಡು ಆಶ್ಚರ್ಯವಾಯಿತು. ಸೊಸೆಯನ್ನು ವಿಚಾರಿಸಿದೆ. ಎಂಬತ್ತು ವರ್ಷದಿಂದ ಒಂದು ದಿವಸವೂ ತಪ್ಪಿಸದ ಕೊಬ್ಬರಿ ಎಣ್ಣೆಯನ್ನು ಮಾವ, ಹೆಡ್‌ಫೋನು ಮನೆಯಲ್ಲಿರುವ ಹದಿನೈದು ದಿವಸ ಮಾತ್ರ, ತಲೆಗೆ ಮುಟ್ಟಿಸುವುದಿಲ್ಲವಂತೆ. ಪಿಟೀಲಿನ ಪೆಟ್ಟಿಗೆಯನ್ನೂ ಅಟ್ಟದಿಂದ ಇಳಿಸಿದ್ದಾರೆ. ತಂತಿ ಇನ್ನೂ ಬಿಗಿದಿಲ್ಲ.